ಆಕ್ಸಿಜನ್ ಚೀಲ, ಅಂಗಳದ ಕಲ್ಲು

ಹರಿಹರದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ನನ್ನ ಕೆಲಸವೇ ‘ಆಗಲ್ಲ’ ಅನ್ನುವುದಾಗಿತ್ತು. ಮಷೀನಿನ ಬಿಡಿಭಾಗಗಳು ತಯಾರಾಗಿ ನನ್ನ ಮೇಜಿಗೆ ಬರುತ್ತಿದ್ದವು. ಗೇಜ್ ಹಿಡಿದು ನೋಡುತ್ತಿದ್ದೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತಿದ್ದೆ. ಮಾಡಿದವನು ಬಂದು ಕೈಮುಗಿದರೂ ಅಷ್ಟೇ, ಮ್ಯಾನೇಜರ್ ಬಂದು ಕಣ್ಣು ಕೆಕ್ಕರಿಸಿದರೂ ಅಷ್ಟೇ. ಕಾರ್ಖಾನೆ ಮುಚ್ಚಿತು, ನಾನು ದಾವಣಗೆರೆಯ ವಿನೋಬನಗರದ ನಮ್ಮ ಹಳೇ ಮನೆಗೆ ಬಂದು ಸೇರಿಕೊಂಡೆ. ಸಿಟ್ಟು ಮಾತ್ರ ನನ್ನ ಜೊತೆಗೇ ಬಂತು. ಹಾಲಿನವನ ಅಳತೆಗೆ, ಆಟೋದ ಮೀಟರಿಗೆ, ಟಿವಿಯಲ್ಲಿ ಮಂಡಿನೋವಿನ ಎಣ್ಣೆ ಮಾರುವವನಿಗೆ, ಎಲ್ಲದಕ್ಕೂ ಕೆಂಪು ಬಣ್ಣ ಬಳಿಯುತ್ತ ಕೂತಿರುತ್ತೇನೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಈಗ ಬರೆಯುತ್ತಿರುವುದು ನನ್ನ ಅಕ್ಕನ ಕಾಲಿನ ವಿಷಯ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹರಿಹರಕ್ಕೆ ಕೊಟ್ಟಿದ್ದು, ಮಗ, ಸೊಸೆಯ ಜೊತೆ ಅಲ್ಲೇ ಇದ್ದಾಳೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ಚಳಿಗಾಲದಲ್ಲಿ ಸೊಸೆ ಕಸ ಗುಡಿಸುವಾಗ ನೆಲದ ಮೇಲೆ ರಕ್ತದ ಕಲೆ ಕಂಡಿತು. ಯಾರದ್ದು ಅಂತ ಹುಡುಕಿದರೆ ಅಕ್ಕನ ಬಲಗಾಲಿನದು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ, ಬೆರಳಿನ ತುದಿ ಹೋಗುವಷ್ಟು ತೂತು. ಅವಳಿಗೆ ಗೊತ್ತೇ ಇರಲಿಲ್ಲ. ಎರಡೂ ಪಾದದಲ್ಲಿ ಸ್ಪರ್ಶ ಯಾವತ್ತೋ ಹೋಗಿಬಿಟ್ಟಿತ್ತು. ಸಕ್ಕರೆ ಕಾಯಿಲೆ ಹಾಗೇ ಮಾಡುವುದು, ಮೊದಲು ನೋವನ್ನು ಕದಿಯುತ್ತದೆ, ಆಮೇಲೆ ಕಾಲನ್ನು.

ದಾವಣಗೆರೆಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ನೋಡಿದರು. ವಯಸ್ಸು ಚಿಕ್ಕದು, ಮಾತು ಗಟ್ಟಿ. ಸತ್ತ ಮಾಂಸ ಕೆರೆದು ತೆಗೆದರು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ಪರೀಕ್ಷೆ ಮಾಡಿದರು. ಹರಿಯುತ್ತಿತ್ತು. ಸಕ್ಕರೆ ಹಿಡಿತಕ್ಕೆ ಬರಬೇಕು, ದಿನಾ ಡ್ರೆಸ್ಸಿಂಗ್ ಆಗಬೇಕು, ಎಲ್ಲಕ್ಕಿಂತ ಮುಖ್ಯ ಗಾಯದ ಮೇಲೆ ಭಾರ ಬೀಳಬಾರದು ಅಂತ ಹೇಳಿ, ದಪ್ಪ ಮೆತ್ತನೆ ತಳದ ಒಂದು ಜೊತೆ ಚಪ್ಪಲಿ ಮಾಡಿಸಿಕೊಟ್ಟರು. ಬಲಗಾಲಿನದಕ್ಕೆ ಗಾಯದ ಜಾಗದಲ್ಲಿ ಕುಳಿ ತೆಗೆದಿತ್ತು.

“ಇದಿಲ್ದೆ ಒಂದು ಹೆಜ್ಜೆನೂ ಇಡಬ್ಯಾಡ್ರಿ ಅಮ್ಮ. ಮನಿಯೊಳಗೂ ಅಷ್ಟೇ, ಬಚ್ಚಲಿಗೂ ಅಷ್ಟೇ.”

“ದೇವರ ಮನಿಗೆ?” ಅಂದಳು ಅಕ್ಕ.

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಡಾಕ್ಟರಮ್ಮ ನಗಲಿಲ್ಲ. “ಅಲ್ಲಿಗೊಂದು ಬ್ಯಾರೆ ಜೊತಿ ಇಟ್ಕಳ್ರಿ” ಅಂದರು.

ಬೇರೆ ಜೊತೆ ಯಾರೂ ಮಾಡಿಸಲಿಲ್ಲ.

ಗಾಯ ಮಾಯುವುದು ನಿಧಾನವಾಯಿತು. ಎರಡು ತಿಂಗಳಾದರೂ ತೂತು ತೂತಾಗಿಯೇ ಇತ್ತು. ಅಕ್ಕನಿಗೆ ಒಂದೇ ಹೆದರಿಕೆ. “ಕಾಲು ತೆಗೀತಾರಂತೆ ಕಣೋ ತಮ್ಮ. ಕಾಲು ಹೋದ್ರೆ ನನ್ನನ್ನ ಬಚ್ಚಲಿಗೆ ಯಾರು ಎತ್ಕಂಡು ಹೋಗ್ತಾರೆ?” ಅಂತ ಫೋನಿನಲ್ಲಿ ಕೇಳುತ್ತಿದ್ದಳು. ಮನೆಯ ನೀರೊಲೆಯಿಂದ ಹಿಡಿದು ದೇವರ ಪೂಜೆಯವರೆಗೆ ಎಲ್ಲ ತಾನೇ ಮಾಡಿಕೊಂಡು ಬಂದವಳು ಅವಳು. ಇನ್ನೊಬ್ಬರ ಹೆಗಲ ಮೇಲೆ ಕೈ ಹಾಕಿ ನಡೆಯುವುದು ಅವಳಿಗೆ ಸಾವಿಗಿಂತ ಕಡೆ.

ಅಷ್ಟರಲ್ಲಿ ಅವಳ ಮಗ ಒಂದು ಹೊಳೆಯುವ ಜಾಹೀರಾತು ಪತ್ರಿಕೆ ತಂದ. ದಾವಣಗೆರೆಯಲ್ಲೇ ಹೊಸ ಸೆಂಟರ್ ಆಗಿದೆ, ಡಬ್ಬಿಯೊಳಗೆ ಮಲಗಿಸಿ ಒತ್ತಡದಲ್ಲಿ ಆಕ್ಸಿಜನ್ ಕೊಡುತ್ತಾರೆ, ಹೈಪರ್‌ಬ್ಯಾರಿಕ್ ಅಂತಾರೆ, ಕಾಲು ಕತ್ತರಿಸುವುದು ತಪ್ಪುತ್ತದೆ ಅಂದ. ಪತ್ರಿಕೆಯಲ್ಲಿ ಸಕ್ಕರೆ ಗಾಯದಿಂದ ಹಿಡಿದು ಪಾರ್ಶ್ವವಾಯು, ಮಾತು ಬಾರದ ಮಕ್ಕಳು, ಉದುರುವ ಕೂದಲು, ಮುಖದ ಸುಕ್ಕು ಎಲ್ಲದಕ್ಕೂ ಅದೇ ಮದ್ದು. ಆ ಪಟ್ಟಿ ನೋಡಿಯೇ ನನ್ನ ಮೈ ಉರಿಯಿತು. ಒಂದೇ ಸ್ಪ್ಯಾನರಿನಿಂದ ಎಲ್ಲ ನಟ್ಟೂ ಬಿಚ್ಚುತ್ತೇನೆ ಅನ್ನುವವನನ್ನು ನಾನು ಕಾರ್ಖಾನೆಯ ಗೇಟಿನ ಒಳಗೆ ಬಿಟ್ಟವನಲ್ಲ.

ಆದರೆ ಓದದೆ ತಿರಸ್ಕರಿಸುವುದೂ ನನ್ನ ಕಸುಬಿನಲ್ಲಿ ತಪ್ಪೇ. ಮೂರು ವಾರ ಕೂತು ಓದಿದೆ. ಫೋನಿನಲ್ಲಿ, ಇಂಗ್ಲಿಷಿನಲ್ಲಿ, ಕನ್ನಡಕ ಒರೆಸಿ ಒರೆಸಿ, ಅರ್ಥವಾಗದ ಪದಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡು. ಅದು ಪೂರ್ತಿ ಮೋಸವಲ್ಲ ಅಂತ ಗೊತ್ತಾಗಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಸಮುದ್ರದ ಆಳದಿಂದ ಒಮ್ಮೆಲೇ ಮೇಲೆ ಬಂದು ರಕ್ತದಲ್ಲಿ ಗಾಳಿಗುಳ್ಳೆ ಎದ್ದವರಿಗೆ ಅದು ನಿಜವಾದ ಮದ್ದು. ಕ್ಯಾನ್ಸರಿಗೆ ಕೊಟ್ಟ ರೇಡಿಯೇಷನ್ನಿನಿಂದ ಹಾಳಾದ ಮೂಳೆಗೆ, ಮಾಂಸಕ್ಕೆ ಉಪಯೋಗವಾಗುತ್ತದೆ ಅನ್ನುವುದಕ್ಕೂ ಆಧಾರವಿದೆ. ಸಕ್ಕರೆ ಗಾಯದ ಹತ್ತಿರ ಬಂದರೆ ಮಾತು ಗೊಂದಲವಾಗುತ್ತದೆ. ಕೆಲವು ಪರೀಕ್ಷೆಗಳು ಹೌದು ಅನ್ನುತ್ತವೆ, ಕೆಲವು ಇಲ್ಲ ಅನ್ನುತ್ತವೆ. ಎಷ್ಟೋ ಪರೀಕ್ಷೆಗಳಲ್ಲಿ ಇದ್ದ ರೋಗಿಗಳೇ ಕಮ್ಮಿ. ಒಂದರಲ್ಲಿ ಸಣ್ಣ ಗಾಯ, ಇನ್ನೊಂದರಲ್ಲಿ ಮೂಳೆವರೆಗೆ ಹೋದ ಗಾಯ. ಮಧ್ಯದಲ್ಲಿ ಬಿಟ್ಟುಹೋದವರನ್ನು ಲೆಕ್ಕದಲ್ಲಿ ಹಿಡಿದರೋ ಇಲ್ಲವೋ ಅಂತ ಹೇಳುವುದಿಲ್ಲ. ಹೌದು ಅಂದವರೂ ಒಂದು ಮಾತು ಸೇರಿಸಿಯೇ ಹೇಳುತ್ತಾರೆ: ಗಾಯ ಕೆರೆದು, ಕಾಲಿಗೆ ರಕ್ತ ಸರಿಯಾಗಿ ಹರಿಯುವಂತೆ ಮಾಡಿ, ಗಾಯದ ಮೇಲಿನ ಭಾರ ಇಳಿಸಿ, ಅದೆಲ್ಲ ಆದ ಮೇಲೂ ಮಾಯದಿದ್ದರೆ ಆಗ, ಅದೂ ಜೊತೆಗೆ, ನೋಡಬಹುದು.

ಇದನ್ನು ನಾನು ಅಕ್ಕನಿಗೆ ಎಣ್ಣೆಯ ಕಥೆ ಹೇಳಿ ವಿವರಿಸಿದೆ. ಕಾರ್ಖಾನೆಗೆ ಒಮ್ಮೆ ಒಬ್ಬ ಹೊಸ ಕಟಿಂಗ್ ಎಣ್ಣೆ ತಂದಿದ್ದ. ಲೋಹ ಕೊರೆಯುವಾಗ ಸುರಿಯುವ ಎಣ್ಣೆ ಅದು. ಹಾಕಿದ ಎರಡೇ ದಿನಕ್ಕೆ ಮಷೀನ್ ಮೇಲಿದ್ದವರೆಲ್ಲ ಹೊಗಳತೊಡಗಿದರು, ಟೂಲ್ ಸವೆಯುವುದೇ ಇಲ್ಲ ಅಂತ. ನಾನು ಎರಡು ಡ್ರಮ್ಮಿಗೂ ಒಂದೇ ಬಣ್ಣ ಬಳಿಸಿ, ಅರ್ಧ ಮಷೀನಿಗೆ ಹಳೇ ಎಣ್ಣೆ, ಅರ್ಧಕ್ಕೆ ಹೊಸದು ಹಾಕಿಸಿದೆ. ಯಾವುದರಲ್ಲಿ ಯಾವುದು ಅಂತ ನನ್ನ ನೋಟುಬುಕ್ಕಿಗೆ ಮಾತ್ರ ಗೊತ್ತು. ತಿಂಗಳ ಕೊನೆಗೆ ಎಲ್ಲರಿಗಿಂತ ಜೋರಾಗಿ ಹೊಸ ಎಣ್ಣೆಯನ್ನು ಹೊಗಳಿದವನ ಮಷೀನಿನಲ್ಲಿ ಇದ್ದದ್ದು ಹಳೆಯದು. ಹೊಸ ಡ್ರಮ್ ಬಂತು ಅಂತ ಅವನು ಮಷೀನನ್ನು ದಿನಾ ಒರೆಸುತ್ತಿದ್ದ, ಟೂಲನ್ನು ಹೊತ್ತಿಗೆ ಸರಿಯಾಗಿ ಚೂಪು ಮಾಡುತ್ತಿದ್ದ, ಅಷ್ಟೇ.

“ಅಂದ್ರೆ?” ಅಂದಳು ಅಕ್ಕ.

“ಅಂದ್ರೆ, ಆ ಸೆಂಟರಿಗೆ ತಿಂಗಳುಗಟ್ಲೆ ಹೋಗೋರು ಅದೇ ತಿಂಗಳು ಡ್ರೆಸ್ಸಿಂಗೂ ಸರಿಯಾಗಿ ಮಾಡಿಸ್ಕಂತಾರೆ, ಗುಳಿಗೆನೂ ತಪ್ಪಿಸಲ್ಲ. ವಾಸಿ ಆದ್ರೆ ಯಾವುದರಿಂದ ಆತು ಅಂತ ಹೆಂಗೆ ಹೇಳ್ತಿ? ಅದಕ್ಕೇ ಕೆಲವು ಕಡೆ ಅರ್ಧ ಮಂದೀನ ಅದೇ ಡಬ್ಬಿಯೊಳಗೆ ಮಲಗ್ಸಿ ಬರೀ ಗಾಳಿ ಬಿಟ್ಟು ನೋಡ್ತಾರೆ. ಹಂಗೆ ನೋಡಿದ್ರೆ ಮಾತ್ರ ಗೊತ್ತಾಗೋದು.”

“ನೀನು ಓದಿದ್ದು ನೀನೇ ಇಟ್ಕ” ಅಂದಳು. “ನನಗ ಕಾಲು ಬೇಕು.”

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಶಿವರಾತ್ರಿ ಕಳೆದ ವಾರ ಅಕ್ಕ ಸೆಂಟರಿಗೆ ಹೋಗತೊಡಗಿದಳು. ಮಗನಿಗೆ ದಾವಣಗೆರೆಯಲ್ಲೇ ಕೆಲಸ. ಬೆಳಿಗ್ಗೆ ಕಾರಿನಲ್ಲಿ ಕರೆತಂದು ಬಿಡುತ್ತಿದ್ದ. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಸ್ಕೂಟರಿನಲ್ಲಿ ಮನೆಗೆ ಕರೆತರುತ್ತಿದ್ದೆ. ಊಟ ಮಾಡಿ, ಮಲಗಿ, ಸಂಜೆ ಮಗನ ಜೊತೆ ಹರಿಹರಕ್ಕೆ ವಾಪಸ್. ವಾರಕ್ಕೆ ಐದು ದಿನ.

ಮೊದಲ ದಿನ ನಾನೂ ಒಳಗೆ ಹೋಗಿದ್ದೆ. ಗಾಜಿನ ಬಾಗಿಲಿನ ಮೇಲೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಅಂತ ಬೋರ್ಡು. ಬಿಟ್ಟೆವು. ಒಳಗೆ ಟೈ ಕಟ್ಟಿದ ಮ್ಯಾನೇಜರ್ ಒಬ್ಬ ಕೂಡ್ರಿ ಸರ್, ಬರ್ರಿ ಸರ್ ಅಂದ. ಪತ್ರಿಕೆಯಲ್ಲಿದ್ದ ಫೋಟೋ ಉಕ್ಕಿನ ದೊಡ್ಡ ಸಿಲಿಂಡರಿನದು, ದುಂಡು ಕಿಟಕಿಯದು. ಒಳಗೆ ಇದ್ದದ್ದು ನೀಲಿ ಬಣ್ಣದ ಚೀಲ. ಮನುಷ್ಯ ಮಲಗುವಷ್ಟು ಉದ್ದ, ಮೇಲೆ ಜಿಪ್ಪು, ಪಕ್ಕದಲ್ಲಿ ಗುಂಯ್ ಅನ್ನುವ ಪಂಪು. ಅಕ್ಕನನ್ನು ಮಲಗಿಸಿ ಜಿಪ್ಪು ಎಳೆದರು. ಚೀಲ ಉಬ್ಬಿತು. ನನ್ನ ಕಣ್ಣು ತಾನಾಗಿಯೇ ಗೇಜಿನ ಮೇಲೆ ಹೋಯಿತು. ಮುಳ್ಳು ಸ್ವಲ್ಪ ಏರಿ ನಿಂತುಬಿಟ್ಟಿತು. ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಮೂರನೇ ಒಂದು ಪಾಲೂ ಹೆಚ್ಚಿರಲಿಲ್ಲ. ನಾನು ಓದಿದ ಪರೀಕ್ಷೆಗಳಲ್ಲಿ ಇದ್ದದ್ದು ಉಕ್ಕಿನ ಡಬ್ಬಿ, ಎರಡು ಪಟ್ಟಿಗಿಂತಲೂ ಹೆಚ್ಚಿನ ಒತ್ತಡ, ಅಪ್ಪಟ ಆಕ್ಸಿಜನ್. ಆ ಡಬ್ಬಿಯ ಪರವಾದ ಅರೆಬರೆ ಸಾಕ್ಷಿಯನ್ನು ತಂದು ಈ ಚೀಲಕ್ಕೆ ಅಂಟಿಸಿದ್ದರು.

“ಇದು ಅದಲ್ಲ” ಅಂದೆ.

“ಸೇಮ್ ಪ್ರಿನ್ಸಿಪಲ್ ಸರ್” ಅಂದ ಮ್ಯಾನೇಜರ್.

“ಸೈಕಲ್ ಪಂಪಿಂದೂ ಅದೇ ಪ್ರಿನ್ಸಿಪಲ್. ಅದ್ರಿಂದ ಲಾರಿ ಟೈರಿಗೆ ಗಾಳಿ ಹೊಡೀತೀರೇನ್ರಿ?”

ಜಗಳ ಜೋರಾಯಿತು. ಕಾಯುತ್ತಿದ್ದವರಲ್ಲಿ ಒಬ್ಬ ತಾಯಿ ಇದ್ದಳು, ಮಲೇಬೆನ್ನೂರಿನ ಕಡೆಯವಳು, ಮಡಿಲಲ್ಲಿ ಕುತ್ತಿಗೆ ನಿಲ್ಲದ ಮಗು. ಆಕೆ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ. ಅವಳ ಮಗುವಿನಂಥ ಮಕ್ಕಳ ಮೇಲೆ ಎರಡು ಗುಂಪು ಮಾಡಿ ನೋಡಿದಾಗ, ಆಕ್ಸಿಜನ್ ಕೊಟ್ಟವರೂ ಕೊಡದವರೂ ಒಂದೇ ಸಮ ಸುಧಾರಿಸಿದ್ದನ್ನು ನಾನು ಓದಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚೀಲದ ಸಣ್ಣ ಕಿಟಕಿಯಿಂದ ಅಕ್ಕ ಕೈ ಆಡಿಸಿ, ಸುಮ್ಮನಿರು ಅಂತ ಸನ್ನೆ ಮಾಡಿದಳು. ಹೊರಗೆ ಬಂದುಬಿಟ್ಟೆ. ಮಾರನೇ ದಿನದಿಂದ ನಾನು ಸ್ಕೂಟರ್ ಹತ್ತಿರವೇ ನಿಲ್ಲುತ್ತಿದ್ದೆ.

ಭಾಷಣ ಮಾತ್ರ ನಿಲ್ಲಿಸಲಿಲ್ಲ. ಸ್ಕೂಟರಿನ ಮೇಲೆ, ಗೇಟಿನ ಹತ್ತಿರ, ಊಟದ ತಟ್ಟೆಯ ಮುಂದೆ, ಸಾಕ್ಷಿ ಅಂದರೇನು, ಹೋಲಿಕೆ ಅಂದರೇನು ಅಂತ ಅಕ್ಕನ ತಲೆ ತಿಂದೆ. ನಮ್ಮ ಮನೆಯಲ್ಲಿ ಚಪ್ಪಲಿ ಬಿಡುವ ಜಾಗ ಗೇಟಿನ ಪಕ್ಕ. ಅಪ್ಪನ ಕಾಲದಿಂದಲೂ ಅಲ್ಲೇ. ಅಲ್ಲಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ ಅಂಗಳ. ಮಣ್ಣು ಒಳಗೆ ಬರುತ್ತದೆ ಅಂತ ನಾನೇ ಕಾರ್ಖಾನೆ ಮುಚ್ಚಿದಾಗ ಬಂದ ದುಡ್ಡಿನಲ್ಲಿ ಕಪ್ಪು ಕಡಪ ಕಲ್ಲು ಹಾಸಿಸಿದ್ದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗಿತ್ತು, ಬಿಸಿಲು ಏರಿತ್ತು. ಮಧ್ಯಾಹ್ನ ಒಂದಕ್ಕೆ ಆ ಕಲ್ಲಿನ ಮೇಲೆ ನಾನು ಕುಣಿಯುತ್ತ ದಾಟುತ್ತಿದ್ದೆ. ಅಕ್ಕ ಡಾಕ್ಟರಮ್ಮ ಕೊಟ್ಟ ಚಪ್ಪಲಿಯನ್ನು ಗೇಟಿನ ಹತ್ತಿರ ನೀಟಾಗಿ ಜೋಡಿಸಿಟ್ಟು, ಬಲಗಾಲಿನ ದಪ್ಪ ಬ್ಯಾಂಡೇಜಿನ ಮೇಲೆ, ಎಡಗಾಲಿನ ಬರೀ ಚರ್ಮದ ಮೇಲೆ, ಒಂದೊಂದೇ ಹೆಜ್ಜೆ ಇಟ್ಟು ನಿಧಾನವಾಗಿ ಬರುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತ ನಾನು ಏನು ಅಂದುಕೊಂಡೆ ಗೊತ್ತೇ? ಅಕ್ಕನ ತಾಳ್ಮೆ ನನಗೆ ಬರಲಿಲ್ಲವಲ್ಲ ಅಂದುಕೊಂಡೆ.

ಯುಗಾದಿಗೆ ನಾಲ್ಕು ದಿನ ಇತ್ತು. ಊಟವಾದ ಮೇಲೆ ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತಟ್ಟೆ ಎತ್ತಲು ಬಂದ ನನ್ನ ಹೆಂಡತಿ “ಅಯ್ಯೋ ಶಿವನೇ” ಅಂತ ಅಲ್ಲೇ ಕುಕ್ಕರಿಸಿದಳು. ಅಕ್ಕನ ಎಡಗಾಲಿನ ಅಂಗಾಲಿನಲ್ಲಿ, ಕಿರುಬೆರಳಿನ ಕಡೆಗೆ, ಚರ್ಮ ಹಪ್ಪಳದ ಹಾಗೆ ಎದ್ದು ಒಡೆದಿತ್ತು. ಒಳಗೆ ಕೆಂಪು, ಅಂಚಿನಲ್ಲಿ ಆಗಲೇ ಕೀವು. ಒಳ್ಳೆಯ ಕಾಲು ಅದು. ನಾವು ಯಾರೂ ನೋಡದಿದ್ದ ಕಾಲು.

ಆಸ್ಪತ್ರೆಗೆ ಒಯ್ದೆವು. ಡಾಕ್ಟರಮ್ಮ ನೋಡಿದವರೇ, “ಇದು ಸುಟ್ಟಿರೋದು. ಬರಿಗಾಲಲ್ಲಿ ಎಲ್ಲಿ ನಡೆದ್ರಿ?” ಅಂದರು.

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. “ಆ ಸೆಂಟರಿನಾಗೆ ಮೇಡಮ್. ಚಪ್ಪಲಿ ಬಿಡಿಸಿ ಒಳಗೆ ಕರ್ಕಂತಾರೆ.” ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತರು. ಸಾಕ್ಷಿ ಗಟ್ಟಿಯಾಗಿರುವ ಮದ್ದು ಆ ಚಪ್ಪಲಿ, ಅದನ್ನು ಬಾಗಿಲಲ್ಲಿ ಬಿಚ್ಚಿಸಿ, ಸಾಕ್ಷಿಯೇ ಇಲ್ಲದ ಚೀಲದೊಳಗೆ ಮಲಗಿಸುತ್ತಾರಲ್ಲ ಅಂತ ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಕೂಗಾಡಿದೆ. ಅಲ್ಲಿಂದ ನೆಟ್ಟಗೆ ಸೆಂಟರಿಗೆ ಹೋದೆ. ಮ್ಯಾನೇಜರಿನ ಟೈ ಹಿಡಿಯುವುದೊಂದು ಬಾಕಿ.

ಅವನು ಹೆದರಿದ್ದ. ಆದರೂ ಒಂದು ಮಾತು ಅಂದ. “ಸರ್, ನಮ್ಮ ಬಾಗಲ ಮುಂದ ನೆರಳೈತೆ. ಒಳಗ ಎಸಿ ಐತೆ. ನಮ್ಮಲ್ಲಿ ಎಲ್ಲಿ ಸುಡ್ತೈತ್ರಿ? ಮುಟ್ಟಿ ನೋಡ್ರಿ ಬೇಕಾದ್ರೆ.”

ಅಳೆದು ನೋಡು ಅಂದರೆ ಅಳೆಯದೆ ಬಿಟ್ಟವನಲ್ಲ ನಾನು. ಬಗ್ಗಿ ಅಂಗೈ ಇಟ್ಟೆ. ಬಾಗಿಲ ಹೊರಗೆ, ಬಾಗಿಲ ಒಳಗೆ, ಚೀಲದವರೆಗೆ. ಟೈಲ್ಸ್ ತಣ್ಣಗಿತ್ತು. ಎದ್ದು ಹೊರಗೆ ಬಂದೆ. ಮಾರನೇ ದಿನ ಮಧ್ಯಾಹ್ನ ಒಂದಕ್ಕೆ ನಮ್ಮ ಗೇಟಿನ ಹತ್ತಿರ ಕೂತು ಕಡಪ ಕಲ್ಲಿನ ಮೇಲೆ ಅಂಗೈ ಇಟ್ಟೆ. ಒಂದು, ಎರಡು ಎಣಿಸಿದೆ. ಮೂರಕ್ಕೆ ಕೈ ತೆಗೆದೆ.

ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕುತ್ತಾರೆ ಅನ್ನುವ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಎಸೆದಿದ್ದೇನೋ. ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಎಲ್ಲಿಗೆ ಹೋಗಿ ಕೂಗಾಡಬೇಕು ಅಂತ ತಿಳಿಯಲಿಲ್ಲ. ಹೆಂಡತಿಯ ಮೇಲೆ ಹರಿಹಾಯ್ದೆ, ಚಪ್ಪಲಿ ಸ್ಟ್ಯಾಂಡನ್ನು ಒದ್ದೆ. ಸೆಂಟರಿನವರು ಕಳ್ಳರು, ಅದು ಇವತ್ತಿಗೂ ನನ್ನ ಮಾತೇ. ಆದರೆ ಅಕ್ಕನ ಕಾಲು ಸುಟ್ಟದ್ದು ನನ್ನ ಕಲ್ಲು.

ಸೋಂಕು ಮೂಳೆಗೆ ಇಳಿದಿತ್ತು. ಯುಗಾದಿಯ ಮಾರನೇ ದಿನ ಎಡಗಾಲಿನ ಎರಡು ಬೆರಳು, ಜೊತೆಗೆ ಪಾದದ ಒಂದು ಅಂಚು ತೆಗೆದರು. ಪಾದ ಉಳಿಯಿತು. ಆಮೇಲೆ ಏಳೆಂಟು ವಾರ ಅಕ್ಕ ಹರಿಹರದ ಮನೆಯಲ್ಲಿ ಮಂಚ ಬಿಟ್ಟು ಇಳಿಯಲಿಲ್ಲ. ಬಚ್ಚಲಿಗೆ ಸೊಸೆ ಗಾಲಿಕುರ್ಚಿಯಲ್ಲಿ ಒಯ್ಯುತ್ತಿದ್ದಳು. ಯಾವುದಕ್ಕೆ ಅಕ್ಕ ಅಷ್ಟು ಹೆದರಿದ್ದಳೋ ಅದೇ ಆಯಿತು. ಎರಡು ಕಾಲೂ ನೆಲ ಮುಟ್ಟಲಿಲ್ಲ. ಆ ವಾರಗಳಲ್ಲೇ ಬಲಗಾಲಿನ ಹಳೇ ತೂತು ತಾನಾಗಿ ಮುಚ್ಚಿಕೊಂಡಿತು. ಒಬ್ಬಳ ಕಾಲಿನಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಡಾಕ್ಟರಮ್ಮ ಮಾತ್ರ “ಭಾರ ಬಿದ್ದಿಲ್ಲ, ಅದಕ್ಕೇ” ಅಂದರು.

ಮೇ ತಿಂಗಳಲ್ಲಿ ಅಕ್ಕನ ಮಗ ಖುಷಿಯಿಂದ ಫೋನ್ ತೋರಿಸಿದ. ಬಲಗಾಲು ಮಾಯ್ದ ಫೋಟೋವನ್ನು ಅವನು ಸೆಂಟರಿನವರಿಗೆ ಕಳಿಸಿದ್ದ. ಪಾಪ, ಅವನಿಗೆ ಚೀಲದ ಮೇಲೆ ಇನ್ನೂ ನಂಬಿಕೆ. ಅವರು ಅದನ್ನು ‘ಮೊದಲು’, ‘ನಂತರ’ ಅಂತ ಬರೆದು ಜಾಹೀರಾತಿಗೆ ಹಾಕಿಕೊಂಡಿದ್ದರು. ಫೋಟೋ ಸುಳ್ಳಲ್ಲ. ಆ ಕಾಲು ಅಕ್ಕನದೇ, ಮಾಯ್ದದ್ದೂ ನಿಜ. ಪಕ್ಕದ ಕಾಲು ಮಾತ್ರ ಚೌಕಟ್ಟಿನ ಹೊರಗೆ. ಅದನ್ನು ನೋಡಿ ಇನ್ನೊಂದು ಮನೆಯವರು ಇನ್ನೊಬ್ಬ ಅಕ್ಕನನ್ನು ಕರೆತರುತ್ತಾರೆ.

ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆದೆ. ನಾಲ್ಕು ಪುಟ. ಉಕ್ಕಿನ ಡಬ್ಬಿಯ ಫೋಟೋ ತೋರಿಸಿ ಚೀಲ ಮಾರುವುದು, ಗೇಜಿನ ಮುಳ್ಳು, ಪತ್ರಿಕೆಯ ಪಟ್ಟಿ, ಕುತ್ತಿಗೆ ನಿಲ್ಲದ ಮಗು, ಬಾಗಿಲಿನ ಬೋರ್ಡು, ಅರ್ಧ ಫೋಟೋ. ರೋಗಿಯ ಸಹಿ ಬೇಕಲ್ಲ, ಹರಿಹರಕ್ಕೆ ಹೋದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ನಾಲ್ಕೂ ಪುಟ ಕೇಳಿದಳು.

“ಎಡಗಾಲಿನ ಸುದ್ದಿ ಎಲ್ಲೈತೆ?” ಅಂದಳು.

“ಐತಲ್ಲ. ಚಪ್ಪಲಿ ಬಿಡಿಸ್ತಿದ್ರು, ಆ ದಿನಗಳಲ್ಲಿ ಎಡಗಾಲಿಗೂ ಗಾಯ ಆತು ಅಂತ.”

“ಹಂಗಾರೆ ಅವರೇ ಸುಟ್ರು ಅಂದಂಗಾತು.”

ನಾನು ಕಾಗದ ಮಡಿಸಿದೆ. “ಅಕ್ಕಾ, ಅದು ನಮ್ಮ ಅಂಗಳದ ಕಲ್ಲು. ನಾನು ಕೈ ಇಟ್ಟು ನೋಡೀನಿ. ನೀನು ಬರೋವಾಗ ದಿನಾ ಬಾಗಲಾಗೆ ನಿಂತು ನೋಡ್ತಿದ್ದೆ. ಚಪ್ಪಲಿ ಹಾಕ್ಕಂಡು ಬಾ ಅಂತ ಒಂದು ಮಾತು ಅನ್ಲಿಲ್ಲ.”

“ಗೊತ್ತೈತೆ” ಅಂದಳು ಅಕ್ಕ, ಕಣ್ಣು ತೆರೆಯದೆ. “ನೀನು ಕುಣ್ಕಂತ ಓಡಿ ಹೋಗ್ತಿದ್ದಿ. ನನಗೇನೂ ಆಗ್ತಿರ್ಲಿಲ್ಲ. ಇವನಿಗೆ ಇನ್ನೂ ಹುಡುಗಾಟ ಹೋಗಿಲ್ಲ ಅಂದ್ಕಂತಿದ್ದೆ. ಆಸ್ಪತ್ರೆಯಾಗೆ ಅವರು ಸುಟ್ಟೈತೆ ಅಂದಾಗಲೇ ಗೊತ್ತಾತು.”

“ಮತ್ತೆ ಯಾಕ ಹೇಳ್ಲಿಲ್ಲ?”

“ತವರುಮನಿ ಅಂಗಳ ಸುಡ್ತು ಅಂತ ಯಾರ ಮುಂದ ಹೇಳ್ಲೋ?”

ನಾನು ಪೆನ್ನು ತೆಗೆದು, ಐದನೇ ಪುಟ ಬರೆಯುತ್ತೇನೆ, ಅರ್ಧ ಫೋಟೋದ ಮೇಲೆ ದೂರು ಕೊಡುವವನು ಅರ್ಧ ದೂರು ಕೊಡಬಾರದು ಅಂದೆ. ಅಕ್ಕ ಎದ್ದು ಕೂತಳು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡುವಾಗ ಇದ್ದ ಅದೇ ಮುಖ.

“ಎಡಗಾಲಿನ ಸಾಲು ಹೊಡೆದು ಹಾಕು. ಅವರ ಮೇಲೆ ಸುಳ್ಳು ಬ್ಯಾಡ. ತವರಿನ ಮೇಲೆ ನಿಜಾನೂ ಬ್ಯಾಡ. ಅಂಗಳದ್ದು ಬರದ್ರೆ ನಾನು ಸಹಿ ಹಾಕಂಗಿಲ್ಲ. ಆ ಮಗೀನ ತಾಯಿ ಸಲುವಾಗಿ ಹಾಕ್ತೀನಿ, ಕೊಡಿಲ್ಲಿ.”

ಆ ಸಾಲು ಹೊಡೆದು ಹಾಕಿದೆ. ಅಕ್ಕ ಸಹಿ ಹಾಕಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಕಾಪಾಡಿದಳಲ್ಲ, ಅದಕ್ಕೇ ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು. ಊಟ ಮಾಡಿಕೊಂಡು ಹೋಗಿ ಅಂತ ಸೊಸೆ ಕರೆದರೂ ನಿಲ್ಲದೆ ಎದ್ದೆ. ಹೊರಗೆ ಮೆಟ್ಟಿಲ ಮೇಲೆ ಬಿಟ್ಟಿದ್ದ ನನ್ನ ಚಪ್ಪಲಿ ಮಧ್ಯಾಹ್ನದ ಬಿಸಿಲಿಗೆ ಕಾದಿದ್ದವು. ಕಾಲಿಟ್ಟ ತಕ್ಷಣ ಚುರ್ ಅಂತು. ಹಿಂದಕ್ಕೆ ತೆಗೆಯಲಿಲ್ಲ, ಹಾಗೇ ನಿಂತೆ.